ಕೋಡ್ ಕವರೇಜ್‌ಗೆ ಯಾವ ಟೂಲ್ ಇಟ್ಟುಕೊಳ್ಳೋದು? ಜಾವಾ, ಪೈಥಾನ್, ರಿಯಾಕ್ಟ್, ಸ್ವಲ್ಪ ಸಿ++ ಇದೆ

ನಾಲ್ಕುರೆಪೊ:

ಎಲ್ಲರಿಗೂ ನಮಸ್ಕಾರ. ನಮ್ಮದು ಏಳು ಜನರ ಟೀಮ್. ಮುಖ್ಯ ಸರ್ವಿಸ್ ಜಾವಾದಲ್ಲಿದೆ, ಬಿಲ್ಡ್‌ಗೆ ಮೇವನ್, ಟೆಸ್ಟ್‌ಗೆ ಜೆಯೂನಿಟ್ 5. ರಾತ್ರಿ ಓಡುವ ಬ್ಯಾಚ್ ಕೆಲಸಗಳು ಪೈಥಾನ್‌ನಲ್ಲಿವೆ, ಪೈಟೆಸ್ಟ್ ಬಳಸುತ್ತೇವೆ. ಫ್ರಂಟೆಂಡ್ ರಿಯಾಕ್ಟ್, ಅದರ ಟೆಸ್ಟ್‌ಗೆ ಜೆಸ್ಟ್. ಇವೆಲ್ಲದರ ಹಿಂದೆ ಯಾರೋ ಎಂದೋ ಬರೆದಿಟ್ಟು ಹೋದ ಒಂದು ಸಿ++ ಸರ್ವರ್ ಇದೆ, ಅದನ್ನು ಮುಟ್ಟೋಕೆ ಎಲ್ಲರಿಗೂ ಭಯ. ಟೆಸ್ಟ್‌ಗಳು ಇಲ್ಲ ಅಂತಲ್ಲ, ಬೇಕಾದಷ್ಟಿವೆ. ಆದರೆ ಅವು ಕೋಡಿನಲ್ಲಿ ಏನನ್ನು ಮುಟ್ಟುತ್ತಿವೆ, ಏನನ್ನು ಬಿಡುತ್ತಿವೆ, ಅಂದರೆ ಕವರೇಜ್ ಎಷ್ಟು ಅಂತ ಯಾರಿಗೂ ಗೊತ್ತಿಲ್ಲ.

ಕಳೆದ ವಾರ ಮ್ಯಾನೇಜರ್ "ಒಳ್ಳೇ ಕವರೇಜ್ ಟೂಲ್ ಒಂದನ್ನು ಆರಿಸಿ, 80 ಪರ್ಸೆಂಟ್ ಬರಬೇಕು" ಅಂದರು. ನಾಲ್ಕು ಭಾಷೆಗೂ ಆಗುವಂಥ ಒಂದೇ ಟೂಲ್ ಇದೆಯಾ? ದುಡ್ಡು ಕೊಟ್ಟು ತಗೊಳ್ಳೋದು ಒಳ್ಳೇದಾ, ಬಿಟ್ಟಿ ಸಿಗೋದೇ ಸಾಕಾ? ಬಳಸಿದವರು ಹೇಳಿ. ಹೋಲಿಕೆ ಪಟ್ಟಿಗಳನ್ನು ಓದಿ ಓದಿ ತಲೆ ಕೆಟ್ಟಿದೆ, ಎಲ್ಲದರಲ್ಲೂ ಎಲ್ಲಕ್ಕೂ ಟಿಕ್ ಮಾರ್ಕೇ.

ಹಳೇಕೋಡು:

ಒಂದೇ ಟೂಲ್ ಅನ್ನೋ ಆಸೆಯನ್ನು ಮೊದಲು ಬಿಡಿ. ಇಲ್ಲಿ ಎರಡು ಬೇರೆ ಬೇರೆ ಕೆಲಸಗಳಿವೆ, ಜನ ಎರಡನ್ನೂ ಕಲಸಿಕೊಂಡು ಮಾತಾಡ್ತಾರೆ. ಟೆಸ್ಟ್ ಓಡುವಾಗ ಯಾವ ಸಾಲು ಓಡಿತು ಅಂತ ಬರೆದುಕೊಳ್ಳೋದು ಒಂದು. ಬರೆದುಕೊಂಡದ್ದನ್ನು ತಂದು ಬಣ್ಣ ಹಚ್ಚಿ ತೋರಿಸೋದು ಇನ್ನೊಂದು. ಮೊದಲನೆಯದು ಭಾಷೆಗೆ ಅಂಟಿಕೊಂಡಿರುತ್ತದೆ, ಅಲ್ಲಿ ನಿಮಗೆ ಆಯ್ಕೆಯೇ ಕಡಿಮೆ. ಜಾವಾ ಅಂದರೆ ಜಾಕೋಕೋ. ಪೈಥಾನ್ ಅಂದರೆ ಕವರೇಜ್.ಪೈ, ಪೈಟೆಸ್ಟ್ ಜೊತೆಗೆ ಪೈಟೆಸ್ಟ್-ಕವ್ ಪ್ಲಗಿನ್. ಜೆಸ್ಟ್‌ನಲ್ಲಿ ಇಸ್ತಾನ್‌ಬುಲ್ ಅನ್ನೋ ಟೂಲ್ ಒಳಗೇ ಕೂತಿದೆ, ಬೇಕಿದ್ದರೆ ವಿ8ಗೆ ಬದಲಾಯಿಸಬಹುದು. ಸಿ++ಗೆ ಕಂಪೈಲರ್ ಜಿಸಿಸಿ ಆದರೆ ಜಿಕವ್, ಕ್ಲಾಂಗ್ ಆದರೆ ಎಲ್‌ಎಲ್‌ವಿಎಮ್-ಕವ್. ಎಲ್ಲವೂ ಬಿಟ್ಟಿ. ಇದಕ್ಕೆ ಹತ್ತು ನಿಮಿಷ ಸಾಕು, ಮೀಟಿಂಗ್ ಬೇಕಿಲ್ಲ.

ಎರಡನೇ ಕೆಲಸಕ್ಕೆ ಸೋನಾರ್‌ಕ್ಯೂಬ್, ಕೋಡ್‌ಕವ್, ಕವರಾಲ್ಸ್ ಇವೆಲ್ಲ. ಇವು ಯಾವುದೂ ತಾವೇ ಅಳೆಯುವುದಿಲ್ಲ ಅನ್ನೋದು ನೆನಪಿರಲಿ. ಸೋನಾರ್ ಹಾಕಿದ ಮೇಲೆ ಕವರೇಜ್ 0.0 ಅಂತ ಬರ್ತಿದೆ ಅಂತ ತಿಂಗಳಿಗೊಬ್ಬರು ಕೇಳ್ತಾರೆ. ಜಾಕೋಕೋ ರಿಪೋರ್ಟ್‌ನ ಎಕ್ಸ್‌ಎಮ್‌ಎಲ್ ಫೈಲನ್ನು ಅದಕ್ಕೆ ಕೊಟ್ಟೇ ಇರೋದಿಲ್ಲ, ಅಷ್ಟೇ ಕಥೆ.

ನೀವು ನಿಜವಾಗಿ ಯೋಚಿಸಬೇಕಾದ್ದು ಬೇರೆ. ನಿಮ್ಮ ಟೆಸ್ಟ್‌ಗಳು ಎಲ್ಲಿ ಓಡುತ್ತವೆ? ಒಂದೇ ಪ್ರಾಸೆಸ್‌ನಲ್ಲಾ, ಬೇರೆ ಬೇರೆ ಕಂಟೇನರ್‌ಗಳಲ್ಲಾ? ರಿಪೋರ್ಟನ್ನು ಯಾರು, ಯಾವಾಗ ನೋಡುತ್ತಾರೆ? ಇವೆರಡಕ್ಕೆ ಉತ್ತರ ಸಿಕ್ಕಿದರೆ ಉಳಿದದ್ದು ತಾನಾಗೇ ಕೂರುತ್ತದೆ.

ಅನುಮಾನಪ್ಪ:

80 ಯಾಕೆ? 79 ಆದರೆ ಜಾಸ್ತಿ ಬಗ್ ಬರುತ್ತಾ?

ನಾಲ್ಕುರೆಪೊ:

ಅನುಮಾನಪ್ಪನವರೇ, ಅದನ್ನ ನಾನು ಕೇಳೋ ಧೈರ್ಯ ಮಾಡಿಲ್ಲ. ಎಲ್ಲೋ ಓದಿರಬೇಕು ಅವರು.

ಹಸಿರುಬಿಲ್ಡ್:

ಸೋನಾರ್‌ನಲ್ಲಿ ಮೊದಲಿನಿಂದಲೇ ಬರುವ ಕ್ವಾಲಿಟಿ ಗೇಟ್‌ನಲ್ಲಿ (ಕೋಡ್ ದಾಟಲೇಬೇಕಾದ ಮಿತಿ) 80 ಇದೆ, ಅಲ್ಲಿಂದ ಬಂದಿರಬಹುದು. ಆದರೆ ಅದು ಹೊಸ ಕೋಡಿನ ಮೇಲೆ 80, ರೆಪೊದಲ್ಲಿರುವ ಎಲ್ಲ ಕೋಡಿನ ಮೇಲೆ ಅಲ್ಲ. ಈ ಎರಡಕ್ಕೂ ಅಜಗಜಾಂತರ ಇದೆ. ಗೂಗಲ್‌ನವರು 2020ರಲ್ಲಿ ತಮ್ಮ ಟೆಸ್ಟಿಂಗ್ ಬ್ಲಾಗ್‌ನಲ್ಲಿ 60 ಆದರೆ ನಡೆಯುತ್ತೆ, 75 ಮೆಚ್ಚತಕ್ಕದ್ದು, 90 ಮಾದರಿ ಅಂತ ಬರೆದರು, ಜೊತೆಗೇ ಎಲ್ಲರಿಗೂ ಹೊಂದುವ ಒಂದು ಸಂಖ್ಯೆ ಅಂತ ಇಲ್ಲವೇ ಇಲ್ಲ ಅಂತಲೂ ಬರೆದರು. ಎರಡನೇ ಮಾತನ್ನು ಯಾರೂ ಮೀಟಿಂಗ್‌ಗೆ ತರಲ್ಲ.

ಹೊಸಟೆಸ್ಟರ್:

ಮಧ್ಯದಲ್ಲಿ ಬಾಯಿ ಹಾಕಿದ್ದಕ್ಕೆ ಕ್ಷಮಿಸಿ. ನಾನು ಈ ಕೆಲಸಕ್ಕೆ ಹೊಸಬಳು. ರಿಪೋರ್ಟ್‌ನಲ್ಲಿ ಲೈನ್ ಕವರೇಜ್ 100, ಬ್ರಾಂಚ್ 50 ಅಂತ ಬರುತ್ತದೆ. ಎಲ್ಲ ಸಾಲೂ ಓಡಿದ ಮೇಲೆ ಇನ್ನರ್ಧ ಎಲ್ಲಿ ಉಳಿಯಿತು?

ಕೆಂಪುಸಾಲು:

ಒಳ್ಳೇ ಪ್ರಶ್ನೆ, ಇದಕ್ಕೆ ಕ್ಷಮೆ ಯಾಕೆ ಮೇಡಂ.

ಒಂದು ಪುಟ್ಟ ಪೈಥಾನ್ ಫಂಕ್ಷನ್ ಇದೆ ಅಂತ ಇಟ್ಟುಕೊಳ್ಳಿ, ಬರೀ ಮೂರು ಸಾಲು. ಮೊದಲ ಸಾಲು ಒಂದು ಇಫ್: ಗ್ರಾಹಕನ ದಾಖಲೆ ಸಿಕ್ಕಿತಾ? ಎರಡನೇದು ಇಫ್ ಒಳಗೆ: ಸಿಕ್ಕಿದರೆ 'ರಿಯಾಯಿತಿ' ಅನ್ನೋ ವೇರಿಯಬಲ್‌ಗೆ ಒಂದು ಸಂಖ್ಯೆ ಹಾಕು. ಮೂರನೇದು ಇಫ್ ಹೊರಗೆ: ರಿಯಾಯಿತಿಯನ್ನು ರಿಟರ್ನ್ ಮಾಡು. ಎಲ್ಸ್ ಇಲ್ಲ. ದಾಖಲೆ ಇರುವ ಗ್ರಾಹಕನನ್ನು ಕೊಟ್ಟು ಒಂದೇ ಒಂದು ಟೆಸ್ಟ್ ಬರೆಯಿರಿ, ಮೂರೂ ಸಾಲು ಓಡುತ್ತವೆ, ಲೈನ್ 100. ದಾಖಲೆ ಇಲ್ಲದವನು ಬಂದ ದಿನ ಮೂರನೇ ಸಾಲಿಗೆ ಹೋಗುವ ಹೊತ್ತಿಗೆ ರಿಯಾಯಿತಿ ಅನ್ನೋ ವೇರಿಯಬಲ್ಲೇ ಹುಟ್ಟಿರುವುದಿಲ್ಲ, ಪ್ರೋಗ್ರಾಂ ಅಲ್ಲೇ ಬೀಳುತ್ತದೆ. ಇಫ್‌ನಿಂದ ನೇರ ಮೂರನೇ ಸಾಲಿಗೆ ಹಾರುವ ಆ ದಾರಿಯೇ ನಿಮ್ಮ ಕಾಣೆಯಾದ 50.

ಈಗ ಇದರ ಇನ್ನೊಂದು ಮಗ್ಗುಲು, ಟೂಲ್ ಆರಿಸುವವರಿಗೆ ಇದು ಬೇಕು. 'ಬ್ರಾಂಚ್' ಅಂದರೆ ಏನು ಅಂತ ಒಂದೊಂದು ಟೂಲ್ ಒಂದೊಂದು ಥರ ಅಂದುಕೊಂಡಿದೆ. ಜಾಕೋಕೋ ನೋಡುವುದು ಬೈಟ್‌ಕೋಡನ್ನು, ಅಂದರೆ ಜಾವಾ ಕಂಪೈಲ್ ಆದ ಮೇಲಿನ ರೂಪವನ್ನು. ಒಂದೇ ಸಾಲಿನ ಇಫ್‌ನಲ್ಲಿ 'ಇದೂ ನಿಜ, ಅದೂ ನಿಜ' ಅಂತ ಎರಡು ಷರತ್ತು ಸೇರಿಸಿದ್ದರೆ ಅದು ನಾಲ್ಕು ಬ್ರಾಂಚ್ ಎಣಿಸುತ್ತದೆ, ಒಂದು ತಪ್ಪಿದರೂ ಸಾಲಿನ ಪಕ್ಕ ಹಳದಿ ಡೈಮಂಡ್ ಗುರುತು ಹಾಕುತ್ತದೆ. ಕವರೇಜ್.ಪೈ ನೋಡುವುದು ಒಂದು ಸಾಲಿನಿಂದ ಇನ್ನೊಂದು ಸಾಲಿಗೆ ಹಾರುವುದನ್ನು ಮಾತ್ರ, ಹಾಗಾಗಿ ಅದೇ ಎರಡು ಷರತ್ತು ಪೈಥಾನ್‌ನಲ್ಲಿ ಒಂದೇ ಸಾಲಿನಲ್ಲಿದ್ದರೆ ಒಳಗೆ ಯಾವುದು ತಪ್ಪಿತು ಅಂತ ಅದಕ್ಕೆ ತಿಳಿಯುವುದೇ ಇಲ್ಲ. ಅದೂ ಬ್ರಾಂಚ್ ಆಯ್ಕೆಯನ್ನು ನೀವಾಗಿ ಆನ್ ಮಾಡಿದರೆ ಮಾತ್ರ, ಸುಮ್ನೆ ಬಿಟ್ಟರೆ ಸಾಲು ಮಾತ್ರ ಎಣಿಸುತ್ತದೆ. ಗೋ ಭಾಷೆಯ ಜೊತೆಗೇ ಬರುವ ಟೂಲ್‌ನಲ್ಲಿ ಬ್ರಾಂಚ್ ಅನ್ನೋದೇ ಇಲ್ಲ, ಸ್ಟೇಟ್‌ಮೆಂಟ್ ಅಷ್ಟೇ.

ಹಾಗಾಗಿ ಜಾವಾದ 70 ಮತ್ತು ಪೈಥಾನ್‌ನ 85 ನೋಡಿ ಪೈಥಾನ್ ಟೀಮ್ ಜಾಣರು ಅಂದುಕೊಳ್ಳಬೇಡಿ. ಒಬ್ಬರು ಅಡಿಯಲ್ಲಿ ಅಳೆದಿದ್ದಾರೆ, ಇನ್ನೊಬ್ಬರು ಮೊಳದಲ್ಲಿ.

ಹೊಸಟೆಸ್ಟರ್:

ಅಡಿ ಮೊಳ ಚೆನ್ನಾಗಿ ಅರ್ಥ ಆಯ್ತು. ಥ್ಯಾಂಕ್ಸ್.

ಕೋರ್‌ಡಂಪ್:

ಸಿ++ ಬಗ್ಗೆ ಯಾರೂ ಮಾತಾಡ್ತಿಲ್ಲ, ನಾನೇ ಹೇಳ್ತೀನಿ.

ಜಿಕವ್ ಹೇಗೆ ಕೆಲಸ ಮಾಡುತ್ತೆ ಅಂತ ಗೊತ್ತಿಲ್ಲದೆ ಹಾಕಿದರೆ ಎರಡು ದಿನ ಹೋಗುತ್ತೆ, ನನ್ನದು ಹೋಗಿದೆ. ಕಂಪೈಲ್ ಮಾಡುವಾಗ ಕವರೇಜ್ ಫ್ಲ್ಯಾಗ್ ಕೊಟ್ಟರೆ ಒಂದೊಂದು ಫೈಲಿಗೂ ಒಂದೊಂದು ಜಿಸಿಎನ್‌ಒ ಫೈಲ್ ಹುಟ್ಟುತ್ತದೆ, ಅದು ಕೋಡಿನ ನಕ್ಷೆ. ಪ್ರೋಗ್ರಾಂ ಓಡಿದಾಗ ಲೆಕ್ಕ ಮೆಮೊರಿಯಲ್ಲೇ ಇರುತ್ತದೆ. ಅದು ಸರಿಯಾಗಿ ಮುಗಿದು ಎಕ್ಸಿಟ್ ಆಗುವಾಗ ಮಾತ್ರ ಜಿಸಿಡಿಎ ಫೈಲಿಗೆ ಬರೆಯುತ್ತದೆ. ಈ ಕೊನೇ ಮಾತಿಗೆ ಅಡಿಗೆರೆ ಎಳೆದುಕೊಳ್ಳಿ. ನಿಮ್ಮದು ಸರ್ವರ್ ಅಂದಿರಿ. ಸರ್ವರ್ ತಾನಾಗಿ ಮುಗಿಯೋದಿಲ್ಲ, ಟೆಸ್ಟ್ ಸ್ಕ್ರಿಪ್ಟ್ ಅದನ್ನು ಕೊಲ್ಲುತ್ತದೆ. ಕಿಲ್ ಮೈನಸ್ 9 (ಬಲವಂತವಾಗಿ ಅಲ್ಲೇ ಕೊಲ್ಲುವ ಕಮಾಂಡ್) ಹೊಡೆದರೆ ಲೆಕ್ಕವೂ ಅದರ ಜೊತೆಗೇ ಹೋಯ್ತು. ಮುಗಿಸು ಅಂತ ಹೇಳುವ ಸಿಗ್‌ಟರ್ಮ್ ಸಿಗ್ನಲ್ ಕಳಿಸಿದರೂ ಹ್ಯಾಂಡ್ಲರ್ ಬರೆದು ಎಕ್ಸಿಟ್ ಕರೆಯದಿದ್ದರೆ ಅದೇ ಗತಿ. ಸರ್ವರನ್ನು ನಿಲ್ಲಿಸದೇ ಲೆಕ್ಕ ಬೇಕಿದ್ದರೆ ಜಿಕವ್ ಡಂಪ್ ಫಂಕ್ಷನ್ ಇದೆ. ಹಳೇ ಉತ್ತರಗಳಲ್ಲಿ ಜಿಕವ್ ಫ್ಲಶ್ ಅಂತ ಇರುತ್ತದೆ, ಜಿಸಿಸಿ 11ರಲ್ಲಿ ಅದನ್ನು ತೆಗೆದುಹಾಕಿದರು, ಸುಮ್ನೆ ಹುಡುಕಬೇಡಿ.

ಇನ್ನೊಂದು ಕಡೆ ಬಿಲ್ಡ್ ಮಾಡಿ ಇನ್ನೊಂದು ಕಂಟೇನರ್‌ನಲ್ಲಿ ಓಡಿಸಿದರೆ ಜಿಸಿಡಿಎ ಫೈಲ್ ಬಿಲ್ಡ್ ಆದ ಜಾಗದ ಪೂರ್ತಿ ಪಾಥ್ ಹುಡುಕಿಕೊಂಡು ಹೋಗುತ್ತದೆ. ಅದನ್ನು ತಿರುಗಿಸೋಕೆ ಜಿಕವ್ ಪ್ರಿಫಿಕ್ಸ್ ಅನ್ನೋ ಎನ್ವಿರಾನ್‌ಮೆಂಟ್ ವೇರಿಯಬಲ್ ಇದೆ. ಕಂಪೈಲರ್ ಯಾವ ವರ್ಷನ್ನೋ ಜಿಕವ್ ಕೂಡ ಅದೇ ವರ್ಷನ್ ಇರಬೇಕು. ಆಪ್ಟಿಮೈಸೇಶನ್ ಆಫ್ ಮಾಡಿ, ಇಲ್ಲದಿದ್ದರೆ ಓಡಿದ ಸಾಲೂ ಮಾಯ ಆಗಿರುತ್ತೆ. ಥ್ರೆಡ್‌ಗಳಿದ್ದರೆ ಲೆಕ್ಕ ಅಟಾಮಿಕ್ ಆಗಿ ಏರುವಂತೆ ಪ್ರೊಫೈಲ್ ಅಪ್‌ಡೇಟ್ ಫ್ಲ್ಯಾಗ್ ಕೊಡಿ.

ರಿಪೋರ್ಟ್‌ಗೆ ಎಲ್‌ಕವ್ ಅಥವಾ ಜಿಕವರ್. ನನಗೆ ಜಿಕವರ್ ಇಷ್ಟ, ಎಚ್‌ಟಿಎಮ್‌ಎಲ್ ಕೊಡುತ್ತೆ, ಕೋಬರ್ಚುರಾ ಮಾದರಿಯ ಎಕ್ಸ್‌ಎಮ್‌ಎಲ್ ಕೂಡ ಕೊಡುತ್ತೆ. ಬ್ರಾಂಚ್ ನೋಡಿ ಗಾಬರಿ ಆಗಬೇಡಿ. ಸಿ++ನಲ್ಲಿ ಎಲ್ಲಿ ಎಕ್ಸೆಪ್ಷನ್ ಹಾರಬಹುದೋ ಅಲ್ಲೆಲ್ಲ ಜಿಸಿಸಿ ಕಾಣದ ಬ್ರಾಂಚ್ ಒಂದನ್ನು ಸೇರಿಸುತ್ತದೆ, ಒಂದೇ ಒಂದು ಸ್ಟ್ರಿಂಗ್ ಸೇರಿಸುವ ಸಾಲಿನ ಪಕ್ಕ ಆರು ಬ್ರಾಂಚ್ ಕಂಡರೂ ಕಾಣಬಹುದು. ಜಿಕವರ್‌ನಲ್ಲಿ ಥ್ರೋ ಬ್ರಾಂಚ್‌ಗಳನ್ನು ಬಿಡುವ ಆಯ್ಕೆ ಇದೆ. ಕ್ಲಾಂಗ್‌ಗೆ ಹೋಗಲು ಆಗುವುದಾದರೆ ಈ ರಗಳೆಯೇ ಇಲ್ಲ, ಅದು ಸೋರ್ಸ್ ಕೋಡನ್ನೇ ನೋಡಿ ಎಣಿಸುತ್ತದೆ.

ಹಾವಾಡಿಗ:

ಪೈಥಾನ್ ಭಾಗಕ್ಕೆ ನನ್ನ ಎರಡು ಮಾತು.

ಸೋರ್ಸ್ ಯಾವ ಫೋಲ್ಡರ್ ಅಂತ ಕಾನ್ಫಿಗ್‌ನಲ್ಲಿ ಹೇಳಿ. ಹೇಳದಿದ್ದರೆ ಟೆಸ್ಟ್ ಓಡುವಾಗ ಇಂಪೋರ್ಟ್ ಆದ ಫೈಲ್‌ಗಳು ಮಾತ್ರ ಲೆಕ್ಕಕ್ಕೆ ಬರುತ್ತವೆ. ಯಾರೂ ಮುಟ್ಟದ ಫೈಲ್ ರಿಪೋರ್ಟ್‌ನಲ್ಲೇ ಇರುವುದಿಲ್ಲ, ಪರ್ಸೆಂಟ್ ಮಾತ್ರ ಚೆಂದ ಕಾಣುತ್ತೆ. ನಾವು ಸೋರ್ಸ್ ಹಾಕಿದ ದಿನ 88 ಇದ್ದದ್ದು 64ಕ್ಕೆ ಬಿತ್ತು. ಎಲ್ಲರೂ ನನ್ನನ್ನೇ ಬೈದರು. ಜೆಸ್ಟ್‌ನಲ್ಲೂ ಇದೇ ಗುಂಡಿ ಇದೆ, ಅಲ್ಲಿ ಕಲೆಕ್ಟ್ ಕವರೇಜ್ ಫ್ರಮ್ ಅನ್ನೋ ಸೆಟ್ಟಿಂಗ್.

ಬ್ಯಾಚ್ ಕೆಲಸ ಅಂದರೆ ಮಲ್ಟಿಪ್ರಾಸೆಸಿಂಗ್ ಇದ್ದೇ ಇರುತ್ತೆ ಅಲ್ವಾ? ಆಗ ಪ್ಯಾರಲಲ್ ಆನ್ ಮಾಡಿ, ಕಾನ್ಕರೆನ್ಸಿಯಲ್ಲಿ ಮಲ್ಟಿಪ್ರಾಸೆಸಿಂಗ್ ಅಂತ ಬರೆಯಿರಿ, ಪ್ರತಿ ಪ್ರಾಸೆಸ್ ತನ್ನದೇ ಡೇಟಾ ಫೈಲ್ ಬರೆಯುತ್ತದೆ, ಕೊನೆಗೆ ಕಂಬೈನ್ ಕಮಾಂಡ್ ಓಡಿಸಿ ಒಂದು ಮಾಡಿ. ಪೂಲನ್ನು ವಿತ್ ಬ್ಲಾಕ್‌ನಲ್ಲಿ ಬಳಸಿದ್ದರೆ ಜೋಪಾನ, ಬ್ಲಾಕ್ ಮುಗಿದ ಕೂಡಲೇ ಅದು ಟರ್ಮಿನೇಟ್ ಕರೆಯುತ್ತೆ, ಪಾಪ ವರ್ಕರ್‌ಗಳಿಗೆ ಡೇಟಾ ಬರೆಯಲು ಪುರುಸೊತ್ತೇ ಸಿಗೋದಿಲ್ಲ. ಕ್ಲೋಸ್ ಮಾಡಿ ಜಾಯಿನ್ ಮಾಡಿ. ಕೋರ್‌ಡಂಪ್ ಹೇಳಿದ ಜಿಸಿಡಿಎ ಕಥೆಯೇ ಇದು, ಭಾಷೆ ಬೇರೆ ಅಷ್ಟೇ.

ಕವರೇಜ್ ಹಾಕಿದರೆ ಟೆಸ್ಟ್ ನಿಧಾನ ಅಂತ ಗೊಣಗುವವರಿಗೆ: ಪೈಥಾನ್ 3.12ರಲ್ಲಿ ಸಿಸ್ ಮಾನಿಟರಿಂಗ್ ಬಂತು, ಕವರೇಜ್.ಪೈ 7.4ರಿಂದ ಅದನ್ನು ಬಳಸಬಹುದು. ಹಳೇ ಟ್ರೇಸ್ ವಿಧಾನಕ್ಕಿಂತ ಹಗುರ. ಆದರೆ ಅದರಲ್ಲೇ ಬ್ರಾಂಚ್ ಕೂಡ ಅಳೆಯಬೇಕಿದ್ದರೆ 3.14 ಬೇಕು.

ನಾಲ್ಕುರೆಪೊ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಜಾವಾದಿಂದ ಶುರು ಮಾಡಿದೆ. ಶುರುವಿನಲ್ಲೇ ಮಕಾಡೆ ಬಿದ್ದೆ. ಮೇವನ್‌ನ ಪೋಮ್ ಫೈಲ್‌ನಲ್ಲಿ ಜಾಕೋಕೋ ಪ್ಲಗಿನ್ ಹಾಕಿದೆ, ಪ್ರಿಪೇರ್ ಏಜೆಂಟ್ ಇದೆ, ರಿಪೋರ್ಟ್ ಇದೆ. 900 ಚಿಲ್ಲರೆ ಟೆಸ್ಟ್ ಓಡಿ ಹಸಿರಾದವು. ರಿಪೋರ್ಟ್ ಹಂತಕ್ಕೆ ಬಂದಾಗ ಎಕ್ಸಿಕ್ಯೂಷನ್ ಡೇಟಾ ಫೈಲ್ ಇಲ್ಲ, ಅದಕ್ಕೆ ಸ್ಕಿಪ್ ಮಾಡ್ತಿದ್ದೇನೆ ಅಂತ ಒಂದು ಸಾಲು ಹೇಳಿ ಸುಮ್ಮನಾಯಿತು. ಎರರ್ ಕೂಡ ಅಲ್ಲ. ಬಿಲ್ಡ್ ಸಕ್ಸೆಸ್ ಅಂತೆ!

ಹಳೇಕೋಡು:

ಟೆಸ್ಟ್ ಓಡಿಸುವ ಶೂರ್‌ಫೈರ್ ಪ್ಲಗಿನ್‌ನಲ್ಲಿ ಆರ್ಗ್‌ಲೈನ್ ಅಂತ ಏನಾದರೂ ಬರೆದಿದ್ದೀರಾ? ಮೆಮೊರಿ ಸೆಟ್ಟಿಂಗ್ ಥರದ್ದು?

ನಾಲ್ಕುರೆಪೊ:

ಹೌದು, 2 ಜಿಬಿ ಮೆಮೊರಿ ಕೊಡೋಕೆ ಹಾಕಿದ್ದೀವಿ. ನಿಮಗೆ ಹೇಗೆ ಗೊತ್ತಾಯ್ತು ಸರ್?

ಹಳೇಕೋಡು:

ನಾನೂ ಅಲ್ಲೇ ಬಿದ್ದವನು, ಹಾಗಾಗಿ ಗೊತ್ತು. ಜಾಕೋಕೋ ಅಂದರೆ ಒಂದು ಜಾವಾ ಏಜೆಂಟ್. ಜಾವಾ ಓಡಿಸುವ ಜೆವಿಎಮ್ ಶುರುವಾಗುವಾಗಲೇ ಅದು ಜೊತೆಗಿರಬೇಕು, ಕ್ಲಾಸ್‌ಗಳು ಲೋಡ್ ಆಗುವಾಗ ಬೈಟ್‌ಕೋಡ್ ನಡುವೆ ತನ್ನ ಸಣ್ಣ ಗುರುತುಗಳನ್ನು ತುರುಕುತ್ತದೆ. ಪ್ರಿಪೇರ್ ಏಜೆಂಟ್ ಮಾಡುವುದಿಷ್ಟೇ, ಏಜೆಂಟ್‌ನ ಪಾಥನ್ನು ಆರ್ಗ್‌ಲೈನ್ ಅನ್ನೋ ಪ್ರಾಪರ್ಟಿಗೆ ಹಾಕಿ ಇಡುವುದು. ನೀವು ಶೂರ್‌ಫೈರ್‌ನಲ್ಲಿ ನಿಮ್ಮದೇ ಆರ್ಗ್‌ಲೈನ್ ಬರೆದ ಕೂಡಲೇ ಅದು ಅಳಿಸಿಹೋಯ್ತು. ಏಜೆಂಟ್ ಇಲ್ಲ, ಡೇಟಾ ಇಲ್ಲ, ದೂರೂ ಇಲ್ಲ.

ನಿಮ್ಮ ಮೆಮೊರಿ ಸೆಟ್ಟಿಂಗ್ ಮುಂದೆ ಅಟ್ ಗುರುತು ಹಾಕಿ, ಸುರುಳಿ ಬ್ರಾಕೆಟ್ ಒಳಗೆ ಆರ್ಗ್‌ಲೈನ್ ಅಂತ ಬರೆಯಿರಿ. ಡಾಲರ್ ಅಲ್ಲ, ಅಟ್. ಡಾಲರ್ ಹಾಕಿದರೆ ಜಾಕೋಕೋ ಬಂದು ತನ್ನದನ್ನು ಸೇರಿಸುವ ಮೊದಲೇ ಮೇವನ್ ಅದರ ಬೆಲೆ ತುಂಬಿಬಿಡುತ್ತದೆ. ಹಾಗೇ ಫೋರ್ಕ್ ಕೌಂಟ್ 0 ಇದ್ದರೆ ತೆಗೆಯಿರಿ, ಬೇರೆ ಜೆವಿಎಮ್ ಹುಟ್ಟದೆ ಏಜೆಂಟ್ ಕೂರುವುದಾದರೂ ಎಲ್ಲಿ.

ನಾಲ್ಕುರೆಪೊ:

ಬಂತು! 58. ಬೇಜಾರಾಯ್ತು, ಆದರೂ ಬಂತಲ್ಲ.

ಹಸಿರುಬಿಲ್ಡ್:

ಲೊಂಬಾಕ್ (ಗೆಟರ್ ಸೆಟರ್‌ಗಳನ್ನು ತಾನೇ ಬರೆದುಕೊಡುವ ಲೈಬ್ರರಿ) ಇದೆಯಾ? ಇದ್ದರೆ ಅದರ ಕಾನ್ಫಿಗ್ ಫೈಲ್‌ನಲ್ಲಿ ಜನರೇಟೆಡ್ ಅನ್ನೋಟೇಶನ್ ಸೇರಿಸುವ ಸಾಲನ್ನು ಟ್ರೂ ಮಾಡಿ. ಜಾಕೋಕೋ 0.8.0ರಿಂದ ಆ ಗುರುತು ಇರುವ ಮೆಥಡ್‌ಗಳನ್ನು ತಾನೇ ಬಿಡುತ್ತದೆ. ನೀವು ಬರೆಯದ ಗೆಟರ್ ಸೆಟರ್‌ಗಳ ಪಾಪ ನಿಮಗೆ ಯಾಕೆ. ಮತ್ತೆ ಟೆಸ್ಟ್ ಓಡಿದ ಮೇಲೆ ರಿಪೋರ್ಟ್‌ಗೆ ಮುಂಚೆ ಇನ್ನೊಮ್ಮೆ ಕಂಪೈಲ್ ಆಗದಂತೆ ನೋಡಿಕೊಳ್ಳಿ, ಪ್ರತಿ ಕ್ಲಾಸ್ ಫೈಲ್‌ಗೆ ಜಾಕೋಕೋ ಒಂದು ಐಡಿ ಲೆಕ್ಕ ಹಾಕಿ ಇಟ್ಟುಕೊಂಡಿರುತ್ತೆ, ಫೈಲ್ ಒಂದು ಬೈಟ್ ಬದಲಾದರೂ ಇದು ಆ ಕ್ಲಾಸ್ ಅಲ್ಲ ಅಂತ 0 ತೋರಿಸುತ್ತೆ.

ಅನುಮಾನಪ್ಪ:

ಟೂಲ್ ಕೂರಿಸೋದು ಆಯ್ತು. ಈಗ ನನ್ನ ತಕರಾರು ಕೇಳಿ.

ಹಿಂದೆ ಕೆಲಸ ಮಾಡಿದ ಒಂದು ಕಡೆ 92 ಪರ್ಸೆಂಟ್ ಇತ್ತು. ಗೋಡೆ ಮೇಲಿನ ಟಿವಿಯಲ್ಲಿ ದೊಡ್ಡದಾಗಿ ಹಾಕಿದ್ದರು. ನಾನು ಸೇರಿದ ಮೂರನೇ ವಾರ ಬಡ್ಡಿ ಲೆಕ್ಕ ಹಾಕುವ ಒಂದು ಕ್ಲಾಸ್‌ನಲ್ಲಿ ಪ್ಲಸ್ ಇದ್ದ ಕಡೆ ತಪ್ಪಿ ಮೈನಸ್ ಹೊಡೆದುಬಿಟ್ಟೆ. ಟೆಸ್ಟ್ ಎಲ್ಲ ಹಸಿರು. ನನಗೇ ಅನುಮಾನ ಬಂದು ಟೆಸ್ಟ್ ತೆಗೆದು ನೋಡಿದೆ. ಮೆಥಡನ್ನು ಕರೆಯುತ್ತೆ. ಸುತ್ತ ಒಂದು ಟ್ರೈ ಕ್ಯಾಚ್ ಇದೆ. ಉತ್ತರ ಸರಿಯಾ ಅಂತ ಪರೀಕ್ಷಿಸುವ ಅಸರ್ಟ್ ಇಲ್ಲ. ಕೆಳಗಿನ ಟೆಸ್ಟ್ ನೋಡಿದೆ, ಅದರಲ್ಲೂ ಇಲ್ಲ. ಆ ಫೈಲಿನಲ್ಲಿ ನಲವತ್ತು ಟೆಸ್ಟ್ ಇದ್ದವು, ಒಂದರಲ್ಲೂ ಅಸರ್ಟ್ ಅನ್ನೋ ಪದವೇ ಇಲ್ಲ. 90 ಮುಟ್ಟದಿದ್ದರೆ ಬಿಲ್ಡ್ ಬೀಳುತ್ತೆ ಅಂತ ಯಾರೋ ಗೇಟ್ ಹಾಕಿದ್ದರು, ಜನ ಗೇಟ್ ದಾಟೋಕೆ ಬೇಕಾದ್ದನ್ನು ಬರೆದರು. ಅವರನ್ನೂ ನಾನು ಬೈಯಲ್ಲ.

ಸಾಲು ಓಡಿತು ಅನ್ನೋದನ್ನು ಮಾತ್ರ ಈ ಟೂಲ್‌ಗಳು ಹೇಳುತ್ತವೆ, ಉತ್ತರ ಸರಿಯಾ ಅಂತ ಯಾರೂ ಕೇಳಿಲ್ಲ ಅನ್ನೋದನ್ನು ಹೇಳಲ್ಲ. 2014ರ ಐಸಿಎಸ್‌ಇ ಅನ್ನೋ ಸಾಫ್ಟ್‌ವೇರ್ ಎಂಜಿನಿಯರಿಂಗ್ ಸಮ್ಮೇಳನದಲ್ಲಿ ಬಂದ ಒಂದು ಪ್ರಬಂಧದಲ್ಲಿ ಐದು ದೊಡ್ಡ ಜಾವಾ ಪ್ರಾಜೆಕ್ಟ್ ಇಟ್ಟುಕೊಂಡು 31,000 ಟೆಸ್ಟ್ ಸೂಟ್ ಮಾಡಿ ನೋಡಿದ್ದಾರೆ. ಟೆಸ್ಟ್‌ಗಳ ಸಂಖ್ಯೆಯನ್ನು ಸಮ ಮಾಡಿ ಹೋಲಿಸಿದರೆ ಕವರೇಜ್‌ಗೂ ತಪ್ಪು ಹಿಡಿಯುವ ತಾಕತ್ತಿಗೂ ಇರುವ ನಂಟು ಕಡಿಮೆಯಿಂದ ಮಧ್ಯಮ ಅಷ್ಟೇ.

ಹಸಿರುಬಿಲ್ಡ್:

ಅನುಮಾನಪ್ಪ, ನೀವು ಹೇಳಿದ್ದು ಸರಿ, ಆದರೆ ಗೇಟೇ ಬೇಡ ಅಂದರೆ ಒಪ್ಪಲ್ಲ. ಗೇಟ್ ಇಲ್ಲದ ಕಡೆ ರಿಪೋರ್ಟನ್ನು ಮೊದಲ ವಾರ ಎಲ್ಲರೂ ನೋಡ್ತಾರೆ, ಎರಡನೇ ವಾರ ಹಾಕಿದವನೊಬ್ಬ ನೋಡ್ತಾನೆ, ಮೂರನೇ ವಾರ ಅವನೂ ನೋಡಲ್ಲ. ಗೇಟ್ ಎಲ್ಲಿ ಹಾಕ್ತೀರಿ ಅನ್ನೋದು ಮುಖ್ಯ. ಹಳೇ ಕೋಡನ್ನೆಲ್ಲ ಸೇರಿಸಿ 80 ಅಂದರೆ ಜನ ಹಳೇ ಗೆಟರ್‌ಗಳಿಗೆ ಟೆಸ್ಟ್ ಬರೆದು ಸಂಖ್ಯೆ ಏರಿಸ್ತಾರೆ. ಈ ಪಿಆರ್‌ನಲ್ಲಿ (ರಿವ್ಯೂಗೆ ಕಳಿಸಿದ ಬದಲಾವಣೆಯಲ್ಲಿ) ನೀನು ಮುಟ್ಟಿದ ಸಾಲುಗಳಲ್ಲಿ ಯಾವುದು ಒಮ್ಮೆಯೂ ಓಡಿಲ್ಲ ಅಂತ ತೋರಿಸಿದರೆ ಅದು ಬೇರೆಯೇ ಮಾತು. ಹನ್ನೆರಡು ಸಾಲು ಇರುತ್ತೆ, ಬರೆದ ನೆನಪು ಹಸಿಯಾಗಿರುತ್ತೆ, ರಿವ್ಯೂ ಮಾಡುವವರ ಕಣ್ಣೂ ಅಲ್ಲೇ ಇರುತ್ತೆ. ಅಸರ್ಟ್ ಇಲ್ಲದ ಟೆಸ್ಟ್ ತಂದರೆ ಅಲ್ಲೇ ಸಿಕ್ಕಿಬೀಳ್ತಾರೆ.

ಇದಕ್ಕೆ ದುಡ್ಡಿನ ಸರ್ವಿಸೇ ಬೇಕಿಲ್ಲ. ಡಿಫ್-ಕವರ್ ಅಂತ ಒಂದು ಪುಟ್ಟ ಪೈಥಾನ್ ಟೂಲ್ ಇದೆ. ಕೋಬರ್ಚುರಾ, ಜಾಕೋಕೋ, ಕ್ಲೋವರ್ ಎಕ್ಸ್‌ಎಮ್‌ಎಲ್‌ಗಳನ್ನೂ ಎಲ್‌ಕವ್ ಫೈಲನ್ನೂ ಓದುತ್ತೆ, ಗಿಟ್ ಡಿಫ್ ಜೊತೆ ತಾಳೆ ಹಾಕಿ ಬದಲಾದ ಸಾಲುಗಳ ಲೆಕ್ಕ ಮಾತ್ರ ಕೊಡುತ್ತೆ, ಇಷ್ಟಕ್ಕಿಂತ ಕಡಿಮೆ ಆದರೆ ಫೇಲ್ ಮಾಡು ಅಂತಲೂ ಹೇಳಬಹುದು. ನಿಮ್ಮ ನಾಲ್ಕೂ ಭಾಷೆಗೆ ಆಗುವ ಒಂದೇ ಟೂಲ್ ಅಂತ ಕೇಳಿದ್ದಿರಲ್ಲ, ಹತ್ತಿರ ಹತ್ತಿರ ಇದೇ. ತಮಾಷೆ ಏನೆಂದರೆ ಕೋಬರ್ಚುರಾ ಅನ್ನೋ ಮೂಲ ಜಾವಾ ಟೂಲನ್ನು ಈಗ ಯಾರೂ ಮುಟ್ಟಲ್ಲ, ಅದರ ಎಕ್ಸ್‌ಎಮ್‌ಎಲ್ ಮಾತ್ರ ಎಲ್ಲ ಭಾಷೆಯವರ ಸಂಪರ್ಕ ಭಾಷೆ ಆಗಿ ಕೂತಿದೆ.

ಕೆಂಪುಸಾಲು:

ಅಸರ್ಟ್ ಇಲ್ಲದ ಟೆಸ್ಟ್ ಹಿಡಿಯೋಕೆ ಮ್ಯುಟೇಶನ್ ಟೆಸ್ಟಿಂಗ್ ಇದೆ. ಅನುಮಾನಪ್ಪ ತಪ್ಪಿ ಮಾಡಿದ್ದನ್ನು ಅದು ಬೇಕಂತಲೇ ಮಾಡುತ್ತೆ, ಪ್ಲಸ್ ಅನ್ನು ಮೈನಸ್ ಮಾಡಿ ಟೆಸ್ಟ್ ಓಡಿಸಿ ಯಾರಾದರೂ ಕೂಗುತ್ತಾರಾ ಅಂತ ನೋಡುತ್ತೆ. ಜಾವಾಗೆ ಪಿಐಟಿ, ಜಾವಾಸ್ಕ್ರಿಪ್ಟ್‌ಗೆ ಸ್ಟ್ರೈಕರ್, ಪೈಥಾನ್‌ಗೆ ಮ್ಯುಟ್‌ಮ್ಯುಟ್. ನಿಧಾನ, ಇಡೀ ರೆಪೊಗೆ ಹಾಕಿದರೆ ರಾತ್ರಿಯಿಡೀ ಓಡುತ್ತೆ. ಬಡ್ಡಿ, ಬಿಲ್, ಪರ್ಮಿಷನ್ ಇಂಥ ನಾಲ್ಕು ಪ್ಯಾಕೇಜ್‌ಗೆ ಹಾಕಿ ಸಾಕು.

ಎತ್ತರದಿಂದ:

ನಾನು ವಿಮಾನದ ಸಾಫ್ಟ್‌ವೇರ್ ಕಡೆಯವನು. ನಮ್ಮಲ್ಲಿ 80 ಬೇಕಾ 90 ಬೇಕಾ ಅನ್ನೋ ಚರ್ಚೆಯೇ ಇಲ್ಲ. ಡಿಒ-178ಸಿ ಅನ್ನೋ ಮಾನದಂಡದ ಪ್ರಕಾರ ಲೆವೆಲ್ ಸಿ ಅಂದರೆ ಸ್ಟೇಟ್‌ಮೆಂಟ್, ಬಿ ಅಂದರೆ ಡಿಸಿಷನ್ ಕೂಡ, ಎ ಅಂದರೆ ಎಮ್‌ಸಿಡಿಸಿ ಕೂಡ. ಎಮ್‌ಸಿಡಿಸಿ ಅಂದರೆ ಒಂದು ಇಫ್‌ನಲ್ಲಿ ಐದು ಷರತ್ತು ಇದ್ದರೆ ಪ್ರತಿಯೊಂದೂ ತಾನೊಂದೇ ತೀರ್ಮಾನವನ್ನು ಬದಲಿಸಬಲ್ಲದು ಅಂತ ತೋರಿಸಬೇಕು, ಅದಕ್ಕೆ ಕಡಿಮೆ ಅಂದರೂ ಆರು ಟೆಸ್ಟ್. ಟೂಲ್‌ಗೂ ತಾನು ನಂಬಿಕಸ್ಥ ಅನ್ನೋದಕ್ಕೆ ಕಾಗದಪತ್ರ ಬೇಕು, ಅದಕ್ಕೇ ವೆಕ್ಟರ್‌ಕಾಸ್ಟ್, ಎಲ್‌ಡಿಆರ್‌ಎ ಥರದವಕ್ಕೆ ದುಡ್ಡು ಕೊಡುತ್ತೇವೆ. ನಿಮಗೆ ಆ ಕಾಗದ ಬೇಡ ಅಂದರೆ ದುಡ್ಡು ಕೊಡಬೇಡಿ. ಬರೀ ಎಮ್‌ಸಿಡಿಸಿ ನೋಡೋಕೆ ಅಂದರೆ ಜಿಸಿಸಿ 14 ಮತ್ತು ಕ್ಲಾಂಗ್ 18ರಲ್ಲೇ ಬಂದಿದೆ. ಎಸ್‌ಕ್ಯೂಲೈಟ್ ಡೇಟಾಬೇಸ್‌ನವರು ಯಾರೂ ಒತ್ತಾಯ ಮಾಡದಿದ್ದರೂ 100 ಪರ್ಸೆಂಟ್ ಎಮ್‌ಸಿಡಿಸಿ ಇಟ್ಟುಕೊಂಡಿದ್ದಾರೆ, ಅದೂ ಜಿಕವ್ ಬಳಸಿಯೇ.

ಅನುಮಾನಪ್ಪ:

ವಿಮಾನ ಹತ್ತುವಾಗ ಇನ್ಮೇಲೆ ಸ್ವಲ್ಪ ಧೈರ್ಯ.

ಹಾವಾಡಿಗ:

ಹೊರಗಿನ ಸರ್ವಿಸ್‌ಗೆ ರಿಪೋರ್ಟ್ ಕಳಿಸುವ ಯೋಚನೆ ಇದ್ದರೆ ಒಂದು ಹಳೇ ಕಥೆ ಗೊತ್ತಿರಲಿ. 2021ರ ಜನವರಿ 31ರಿಂದ ಕೋಡ್‌ಕವ್‌ನ ಬ್ಯಾಷ್ ಅಪ್‌ಲೋಡರ್ ಸ್ಕ್ರಿಪ್ಟನ್ನು ಯಾರೋ ಕಳ್ಳರು ತಿದ್ದಿಟ್ಟಿದ್ದರು. ಸಿಐ (ಬಿಲ್ಡ್, ಟೆಸ್ಟ್ ತಾನಾಗಿ ಓಡಿಸುವ ವ್ಯವಸ್ಥೆ) ಒಳಗಿನ ಎನ್ವಿರಾನ್‌ಮೆಂಟ್ ವೇರಿಯಬಲ್‌ಗಳು, ಅಂದರೆ ಟೋಕನ್ನು ಕೀಲಿ ಎಲ್ಲ ಅವರ ಸರ್ವರ್‌ಗೆ ಹೋಗುತ್ತಿದ್ದವು. ಒಬ್ಬ ಗ್ರಾಹಕ ಚೆಕ್‌ಸಮ್ ತಾಳೆ ನೋಡಿದ್ದರಿಂದ ಏಪ್ರಿಲ್ 1ಕ್ಕೆ ಗೊತ್ತಾಯಿತು, 15ಕ್ಕೆ ಕಂಪನಿ ಎಲ್ಲರಿಗೂ ಹೇಳಿತು. ಆಮೇಲೆ ಆ ಅಪ್‌ಲೋಡರನ್ನೇ ಬದಲಾಯಿಸಿದರು. ಯಾವ ಸರ್ವಿಸ್ ಆದರೂ ಇರಲಿ, ಅಪ್‌ಲೋಡ್ ಮಾಡುವ ಜಾಬ್‌ಗೆ ಡೆಪ್ಲಾಯ್ ಮಾಡುವ ಕೀಲಿ ಕೈಗೆ ಸಿಗದ ಹಾಗೆ ಬೇರೆ ಇಡಿ. ಅವೆರಡಕ್ಕೂ ಏನೂ ಸಂಬಂಧ ಇಲ್ಲ.

ನಾಲ್ಕುರೆಪೊ:

ಎರಡು ವಾರ ಆಯ್ತು, ಏನಾಯ್ತು ಅಂತ ಹೇಳಬೇಕಲ್ವಾ.

ಹೊರಗಿನ ಸರ್ವಿಸ್ ಯಾವುದೂ ತಗೊಂಡಿಲ್ಲ. ಒಂದೊಂದು ರೆಪೊದಲ್ಲಿ ಅದರದ್ದೇ ಟೂಲ್, ಎಲ್ಲದರಿಂದ ಎಕ್ಸ್‌ಎಮ್‌ಎಲ್, ಪಿಆರ್‌ನಲ್ಲಿ ಡಿಫ್-ಕವರ್, ಬದಲಾದ ಸಾಲುಗಳಿಗೆ 80. ಒಟ್ಟು ಸಂಖ್ಯೆಗೆ ಗೇಟ್ ಇಲ್ಲ. ಮ್ಯಾನೇಜರ್‌ಗೂ ಅವರ 80 ಸಿಕ್ಕಿತು, ನಮಗೂ ತಲೆನೋವು ಇಲ್ಲ. ಮೊದಲ ದಿನ ಡಿಫ್-ಕವರ್ ಮೇನ್ ಬ್ರಾಂಚೇ ಗೊತ್ತಿಲ್ಲ ಅಂತ ಕೂತಿತು. ಸಿಐ ಕೊನೇ ಕಮಿಟ್ ಒಂದನ್ನೇ ಎಳೆಯುತ್ತಿತ್ತು, ಹೋಲಿಸೋಕೆ ಹಿಂದಿನದು ಇರಲೇ ಇಲ್ಲ. ಪೂರ್ತಿ ಇತಿಹಾಸ ಎಳೆಯುವಂತೆ ಡೆಪ್ತ್ 0 ಮಾಡಿದ ಮೇಲೆ ಸರಿಹೋಯಿತು. ಪೈಥಾನ್‌ನದ್ದು ಕಂಟೇನರ್ ಒಳಗಿನ ಪಾಥ್ ಬರೆದುಕೊಂಡು ಯಾವ ಫೈಲೂ ಹೊಂದದೆ 0 ಬಂತು, ರಿಲೇಟಿವ್ ಫೈಲ್ಸ್ ಆನ್ ಮಾಡಿದೆ.

ಇನ್ನೊಂದು ಹೇಳಲೇಬೇಕು. ಜಾವಾ ಕಡೆ ಒಬ್ಬರು ಪೇಮೆಂಟ್ ಮರುಪ್ರಯತ್ನದ ಕೋಡ್ ಸ್ವಲ್ಪ ಮುಟ್ಟಿದ್ದರು, ಹದಿನೈದು ಸಾಲು. ಅದರಲ್ಲಿ ಕ್ಯಾಚ್ ಬ್ಲಾಕ್‌ನ ನಾಲ್ಕು ಸಾಲು ಕೆಂಪು. ಗೇಟ್ 80, ಬಂದದ್ದು 73, ಬಿಲ್ಡ್ ಬಿತ್ತು. ಅವರು ಗೊಣಗುತ್ತಾ ಕನೆಕ್ಷನ್ ಕಡಿಯುವಂತೆ ಒಂದು ಟೆಸ್ಟ್ ಬರೆದರು. ಟೆಸ್ಟ್ ಮುಗಿಯಲೇ ಇಲ್ಲ. ಮೊದಲು ಲ್ಯಾಪ್‌ಟಾಪ್ ಹ್ಯಾಂಗ್ ಆಗಿದೆ ಅಂದುಕೊಂಡೆವು. ನೋಡಿದರೆ ಎಷ್ಟನೇ ಪ್ರಯತ್ನ ಅಂತ ಎಣಿಸುವ ವೇರಿಯಬಲ್ ಲೂಪ್ ಒಳಗೇ ಹುಟ್ಟುತ್ತಿತ್ತು, ಪ್ರತಿ ಸುತ್ತಿಗೂ ಮತ್ತೆ 0. ಎರಡು ವರ್ಷದಿಂದ ಹಾಗೇ ಇತ್ತಂತೆ. ಆ ಕ್ಯಾಚ್ ಒಮ್ಮೆಯೂ ಓಡಿರಲಿಲ್ಲ, ನಮ್ಮ ಪುಣ್ಯ.

ಹೊಸಟೆಸ್ಟರ್:

ಅಬ್ಬಾ. ಒಂದು ಡೌಟು, ಕೆಂಪು ಸಾಲಿನ ಪಕ್ಕ ನೋ ಕವರ್ ಅಂತ ಕಾಮೆಂಟ್ ಹಾಕಿದರೆ ಲೆಕ್ಕದಿಂದ ಹೋಗುತ್ತೆ ಅಂತ ನಮ್ಮ ಸೀನಿಯರ್ ಹೇಳಿದರು. ಹಾಕಬಹುದಾ?

ಹಾವಾಡಿಗ:

ಹಾಕಬಹುದು, ಅದಕ್ಕೇ ಇರೋದು. ಪಕ್ಕದಲ್ಲಿ ಯಾಕೆ ಅಂತ ಒಂದು ಸಾಲು ಕಾರಣ ಬರೆಯಿರಿ. ಕಾರಣ ಬರೆಯೋಕೆ ಕೂತಾಗ ಅರ್ಧ ಸಲ ಟೆಸ್ಟ್ ಬರೆಯೋದೇ ಸುಲಭ ಅನ್ನಿಸುತ್ತೆ.

ನಾಲ್ಕುರೆಪೊ:

ಸಿ++ ಒಂದೇ ಬಾಕಿ ಉಳಿದಿದೆ. ಕೋರ್‌ಡಂಪ್ ಸರ್, ಜಿಸಿಎನ್‌ಒ ಫೈಲ್‌ಗಳು ಬಂದಿವೆ, ವರ್ಷನ್ ಒಂದೇ ಇದೆ, ಪಾಥ್ ಕೂಡ ಸರಿ ಮಾಡಿದೆ. ಜಿಸಿಡಿಎ ಮಾತ್ರ ಒಂದೂ ಹುಟ್ಟುತ್ತಿಲ್ಲ.

ಕೋರ್‌ಡಂಪ್:

ಟೆಸ್ಟ್ ಮುಗಿದ ಮೇಲೆ ಸರ್ವರನ್ನು ಹೇಗೆ ನಿಲ್ಲಿಸ್ತಿದ್ದೀರಿ?

ನಾಲ್ಕುರೆಪೊ:

ಸ್ಕ್ರಿಪ್ಟ್ ನಿಲ್ಲಿಸುತ್ತೆ. ತಡೀರಿ ನೋಡಿ ಹೇಳ್ತೀನಿ.

ನಾಲ್ಕುರೆಪೊ:

ಕಿಲ್ ಮೈನಸ್ 9.

ಕೋರ್‌ಡಂಪ್:

ಮೇಲೆ ಹೋಗಿ ನನ್ನ ಮೊದಲ ಪೋಸ್ಟ್ ಇನ್ನೊಂದ್ಸಲ ಓದಿ.

ನಾಲ್ಕುರೆಪೊ:

ಆಗಲೇ ಓದಿದ್ದೆ ಸರ್, ಯಾರಪ್ಪಾ ಹಾಗೆ ಮಾಡ್ತಾರೆ ಅಂತ ನಕ್ಕಿದ್ದೆ ಬೇರೆ. ಗಿಟ್ ಬ್ಲೇಮ್ ನೋಡಿದೆ, ಆ ಸಾಲು ಬರೆದವನು ನಾನೇ. ಸಿಗ್‌ಟರ್ಮ್‌ಗೆ ಹ್ಯಾಂಡ್ಲರ್ ಹಾಕಿದೆ. 41 ಬಂತು.